ಹೊಸ ಇಂಡಿಪೆಂಡೆಂಟ್ ಬ್ಯಾಂಡ್ ಹುಡ್ಕೋದು ಹೆಂಗೆ, ಸಿಕ್ಕಿದ್ದನ್ನ ಇನ್ನೊಬ್ರ ಕಿವಿಗೆ ಮುಟ್ಸೋದು ಹೆಂಗೆ: ಪೂರ್ತಿ ಗೈಡು

ನಮ್ ಚಿಕ್ಕಪ್ಪನ ಕಾರಲ್ಲಿ ತುಮಕೂರು ಕಡೆ ಹೋಗ್ತಿದ್ವಿ. ಸ್ಪೀಕರಲ್ಲಿ ಸಿ. ಅಶ್ವಥ್ ಅವ್ರ ದನಿಲಿ ಶರೀಫಜ್ಜನ ತತ್ವಪದ ಓಡ್ತಿತ್ತು. ಚಿಕ್ಕಪ್ಪ ಸ್ಟೇರಿಂಗ್ ಮೇಲೆ ಬೆರಳಲ್ಲೇ ತಾಳ ಹಾಕ್ತಾ, "ಈಗೆಲ್ಲ ಸಿನಿಮಾ ಹಾಡು ಬಿಟ್ರೆ ಕನ್ನಡದಲ್ಲಿ ಬೇರೆ ಏನೋ ಬರತ್ತೆ?" ಅಂದ್ರು. ಬರತ್ತೆ ಚಿಕ್ಕಪ್ಪ, ಬೇಕಾದಷ್ಟು ಬರತ್ತೆ ಅಂತ ಹೇಳಿ ಮನೆಗೆ ಬಂದೋನೇ ನಲವತ್ತು ಹಾಡಿನ ಪ್ಲೇಲಿಸ್ಟ್ ಮಾಡಿ ಲಿಂಕ್ ಕಳ್ಸಿದೆ. ಒಂದು ಥಂಬ್ಸಪ್ ಬಂತು ಅಷ್ಟೇ. ಮೂರು ತಿಂಗ್ಳು ಬಿಟ್ಟು ಒಂದು ಮದ್ವೆಲಿ ಸಿಕ್ಕಾಗ ಕೇಳಿದ್ರೆ ಒಂದೂ ಕೇಳಿರ್ಲಿಲ್ಲ. ನಲವತ್ರಲ್ಲಿ ಯಾವುದ್ರಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ಕಣೋ ಅಂದ್ರು. ಅವರು ಹೇಳಿದ್ದು ಸರಿನೇ ಇತ್ತು.

ಅವತ್ತಿಂದ ನಾನು ಎರಡು ಕೆಲಸ ಬೇರೆ ಥರ ಮಾಡೋಕೆ ಶುರು ಮಾಡ್ದೆ, ಹುಡ್ಕೋದು ಮತ್ತೆ ಹೇಳೋದು. ಎರಡಕ್ಕೂ ಸೂತ್ರ ಒಂದೇ, ಹಾಡಿನ ಹಿಂದೆ ಹೋಗ್ಬೇಡಿ, ಮನುಷ್ಯರ ಹಿಂದೆ ಹೋಗಿ. ಹುಡುಕುವಾಗ ಆ ಹಾಡನ್ನ ಯಾರ್ಯಾರು ಸೇರಿ ಮಾಡಿದಾರೆ ಅಂತ ನೋಡ್ಬೇಕು, ಹೇಳುವಾಗ ಯಾರಿಗೆ ಹೇಳ್ತಿದೀನಿ ಅಂತ ನೋಡ್ಬೇಕು. ಈಗ ಒಂದೊಂದೇ ಹೆಜ್ಜೆ ಬರೀತೀನಿ, ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಓದಿ.

ಮೊದ್ಲು ಒಂದು ಮಾತು, ಇಂಡಿಪೆಂಡೆಂಟ್ (ಚಿಕ್ಕದಾಗಿ ಇಂಡೀ) ಅಂದ್ರೆ ಏನು

ಸಿನಿಮಾದ ಸೀನಿಗೋಸ್ಕರ, ಹೀರೋಗೋಸ್ಕರ ಅಂತ ಬರೆಯದೆ, ಬ್ಯಾಂಡಿನೋರೇ ಹಾಡು ಬರ್ಕೊಂಡು ಇಲ್ಲಾ ಆರಿಸ್ಕೊಂಡು, ತಮ್ಮ ದುಡ್ಡೋ ಇಲ್ಲ ಸಣ್ಣ ಲೇಬಲ್ಲಿನ ದುಡ್ಡೋ ಹಾಕಿ ರೆಕಾರ್ಡ್ ಮಾಡಿ ಬಿಡೋದು. ಇದು ನಮ್ಗೆ ಹೊಸದೇನಲ್ಲ. 1978ರಲ್ಲಿ ನಿಸಾರ್ ಅಹಮದ್ ಅವ್ರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿತ್ಯೋತ್ಸವ ಕ್ಯಾಸೆಟ್ ಬಂತಲ್ಲ, ಅದೂ ಸಿನಿಮಾದಲ್ಲ. ಭಾವಗೀತೆ ಕ್ಯಾಸೆಟ್ಟುಗಳು ಮನೆಮನೆಗೆ ಹೋಗಿದ್ದು ಹಂಗೆ, ಒಬ್ರ ಮನೇಲಿ ಕೇಳಿ ಇನ್ನೊಬ್ರು ಕಾಪಿ ಮಾಡಿಸ್ಕೊಂಡು. ಹಾಗಾಗಿ "ನಂಗೆ ಈ ಬ್ಯಾಂಡು ಗೀಂಡು ಎಲ್ಲ ಅರ್ಥ ಆಗಲ್ಲ" ಅನ್ನೋ ದೊಡ್ಡೋರಿಗೆ ನಾನು ಮೊದ್ಲು ನೆನಪು ಮಾಡೋದೇ ಇದನ್ನ, ನೀವು ಇದನ್ನ ನಮ್ಗಿಂತ ಮುಂಚೆ ಮಾಡಿದೀರಿ ಅಂತ.

ಹೆಜ್ಜೆ 1: ಈಗಾಗ್ಲೇ ಇಷ್ಟ ಇರೋ ಒಂದು ಬ್ಯಾಂಡ್ ತಗೊಂಡು ಅದ್ರ ಜನರನ್ನ ಹಿಡ್ಕೊಂಡ್ ಹೋಗಿ

ಸುಮ್ನೆ "ಬೆಸ್ಟ್ ಇಂಡೀ ಬ್ಯಾಂಡ್ಸ್" ಅಂತ ಸರ್ಚ್ ಹೊಡೆದ್ರೆ ಎಲ್ಲಾ ಕಡೆ ಅದೇ ಹತ್ತು ಹೆಸ್ರು ಬರತ್ತೆ. ಅದ್ರ ಬದ್ಲು ಒಂದೇ ಹೆಸ್ರು ಹಿಡೀರಿ. ಉದಾಹರಣೆಗೆ ರಘು ದೀಕ್ಷಿತ್, ಇದು ಬಹುತೇಕ ಎಲ್ರಿಗೂ ಗೊತ್ತಿರೋ ಹೆಸ್ರು. ಅವ್ರ ಮೊದಲ ಆಲ್ಬಮ್ ಬಂದಿದ್ದು 2008ರಲ್ಲಿ, ವಿಶಾಲ್-ಶೇಖರ್ ಅವರ ಲೇಬಲ್ಲಿಂದ, ಅದ್ರಲ್ಲೇ ಶರೀಫಜ್ಜನ "ಗುಡುಗುಡಿಯಾ ಸೇದಿ ನೋಡೋ" ಇರೋದು. ಈಗ ಅವ್ರ ಸುತ್ತ ಯಾರಿದಾರೆ ನೋಡಿ. ತಮ್ಮ ವಾಸು ದೀಕ್ಷಿತ್. ವಾಸು ಹಾಡೋದು ಸ್ವರಾತ್ಮದಲ್ಲಿ. ಸ್ವರಾತ್ಮ ಬೆಂಗಳೂರಿನ ಫೋಕ್ ರಾಕ್ ಬ್ಯಾಂಡು, ಅಂದ್ರೆ ಜನಪದಕ್ಕೆ ರಾಕ್ ಸೇರಿಸಿ ಹಾಡೋರು, ಮೊದಲ ಆಲ್ಬಮ್ 2009ರದ್ದು, ಹಿಂದಿ ಹಾಡುಗಳ ಮಧ್ಯೆ "ಈ ಭೂಮಿ" ಅಂತ ಕನ್ನಡದ್ದೂ ಇದೆ, ಆಮೇಲೆ 2012ರಲ್ಲಿ ಒಂದು, 2018ರಲ್ಲಿ ಒಂದು ಆಲ್ಬಮ್ ಬಂತು. ಅಲ್ಲಿಗೇ ನಿಲ್ಲಿಸ್ಬೇಡಿ. ವಾಸುಗೆ ತಮ್ಮದೇ ಹೆಸರಿನ ಇನ್ನೊಂದು ತಂಡ ಇದೆ, ವಾಸು ದೀಕ್ಷಿತ್ ಕಲೆಕ್ಟಿವ್, ಅದು ಕೇಳಿ. ಸ್ವರಾತ್ಮಕ್ಕೆ ಡ್ರಮ್ಸ್ ಬಾರಿಸ್ತಿದ್ದ ಮಾಂಟ್ರಿ ಮ್ಯಾನುಯೆಲ್ ಆಮೇಲೆ ತಾಳವಟ್ಟಂ ಅಂತ ಶುರು ಮಾಡಿದ್ರು, ಬಿಸಾಕಿರೋ ಪೈಪು ಡಬ್ಬ ಎಲ್ಲ ಜೋಡಿಸಿ ಮಾಡಿದ ವಾದ್ಯಗಳಲ್ಲಿ ಬಾರಿಸ್ತಾರೆ. ನೋಡಿ, ಒಂದ್ ಹೆಸ್ರಿಂದ ಹೊರಟು ನಾಕನೇ ಮನೆಗೆ ಬಂದ್ವಿ, ಯಾವ ಲಿಸ್ಟೂ ಬೇಕಾಗ್ಲಿಲ್ಲ.

ಇಂಥ ದಾರಿ ಕಾಣೋದು ಕ್ರೆಡಿಟ್ಸಲ್ಲಿ, ಅಂದ್ರೆ ಹಾಡಿಗೆ ಯಾರ್ಯಾರು ಕೆಲ್ಸ ಮಾಡಿದಾರೆ ಅನ್ನೋ ಪಟ್ಟೀಲಿ. ಹಾಡು ಇಷ್ಟ ಆದ ತಕ್ಷಣ ಮುಂದಿನ ಹಾಡಿಗೆ ಹೋಗ್ಬೇಡಿ, ಅರ್ಧ ನಿಮಿಷ ಕ್ರೆಡಿಟ್ಸ್ ಓದಿ. ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದ್ರೆ ಕ್ರೆಡಿಟ್ಸ್ ಅಂತ ಬರತ್ತೆ. ಯೂಟ್ಯೂಬಲ್ಲಿ ಡಿಸ್ಕ್ರಿಪ್ಷನ್ ಪೂರ್ತಿ ಬಿಚ್ಚಿ, ಬ್ಯಾಂಡಿನೋರೇ ಹಾಕಿದ ವಿಡಿಯೋ ಆದ್ರೆ ಯಾರು ಬೇಸ್ ಗಿಟಾರ್ ನುಡಿಸಿದ್ರು, ಎಲ್ಲಿ ರೆಕಾರ್ಡ್ ಆಯ್ತು, ಮಿಕ್ಸಿಂಗ್ ಯಾರದ್ದು ಅಂತ ಎಲ್ಲ ಬರ್ದಿರ್ತಾರೆ, ಸಣ್ಣ ಬ್ಯಾಂಡಿನೋರು ಇದ್ರಲ್ಲಿ ದೊಡ್ಡೋರಿಗಿಂತ ಪ್ರಾಮಾಣಿಕರು. ಬರೀ ಆಲ್ಬಮ್ ಕವರ್ ತೋರಿಸ್ಕೊಂಡು ಓಡೋ ಹಾಡಾದ್ರೆ ಡಿಸ್ಕ್ರಿಪ್ಷನ್ನಿನ ಮೊದಲ ಸಾಲಲ್ಲಿ ಯಾರ ಮೂಲಕ ಯೂಟ್ಯೂಬಿಗೆ ಬಂತು ಅಂತ ಇರತ್ತೆ. ಅಲ್ಲಿ ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಥರ, ಬ್ಯಾಂಡಿನೋರ ಹಾಡನ್ನ ಆ್ಯಪುಗಳಿಗೆ ತಲುಪಿಸೋ ಕಂಪನಿ ಹೆಸರಿದ್ರೆ ಹೆಚ್ಚುಕಮ್ಮಿ ಆ ಬ್ಯಾಂಡು ತಾನೇ ಕೈಯಿಂದ ಬಿಡುಗಡೆ ಮಾಡಿದೆ ಅಂತ ಅರ್ಥ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ದಾರಿ ತೋರ್ಸೋದು ಡ್ರಮ್ಮರು, ಬೇಸ್ ನುಡಿಸೋರು, ಆಮೇಲೆ ಸೌಂಡ್ ಎಂಜಿನಿಯರು. ಹಾಡೋರು ಸಾಮಾನ್ಯವಾಗಿ ಒಂದೇ ಬ್ಯಾಂಡಲ್ಲಿ ಇರ್ತಾರೆ, ಒಳ್ಳೆ ಡ್ರಮ್ಮರು ಮಾತ್ರ ಮೂರು ನಾಕು ಬ್ಯಾಂಡಲ್ಲಿ ಇರ್ತಾರೆ. ಇನ್‌ಸ್ಟಾಗ್ರಾಮಲ್ಲಿ ಬ್ಯಾಂಡಿನ ಪೇಜ್ ಒಂದನ್ನೇ ಫಾಲೋ ಮಾಡೋ ಬದ್ಲು ಆ ಡ್ರಮ್ಮರನ್ನೂ ಫಾಲೋ ಮಾಡಿ.

ಹೆಜ್ಜೆ 2: ಸರ್ಚಲ್ಲಿ ಸ್ಪೆಲಿಂಗ್ ಬದಲಾಯಿಸಿ ಬದಲಾಯಿಸಿ ಹುಡ್ಕಿ

ಇದು ಚಿಕ್ಕ ವಿಷಯ ಅನ್ಸತ್ತೆ ಆದ್ರೆ ಕನ್ನಡ ಹಾಡು ಹುಡ್ಕೋರು ಎಡವೋದು ಇಲ್ಲೇ. ಬ್ಯಾಂಡಿನೋರು ಹಾಡಿನ ಹೆಸ್ರನ್ನ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರ್ತಾರೆ, ಅದಕ್ಕೊಂದು ನಿಯಮ ಅಂತ ಇಲ್ಲ. "ಸೋರುತಿಹುದು ಮನಿಯ ಮಾಳಿಗಿ" ತಗೊಳ್ಳಿ, ಆ "ತಿ"ಗೆ ಒಬ್ರು ಬರೀ ಟಿ ಹಾಕ್ತಾರೆ, ಇನ್ನೊಬ್ರು ಟಿ ಪಕ್ಕ ಎಚ್ ಸೇರಿಸ್ತಾರೆ. "ಮಾ"ಗೆ ಒಂದು ಎ ಸಾಕು ಅನ್ನೋರು ಒಬ್ರು, ಎರಡು ಎ ಬೇಕು ಅನ್ನೋರು ಒಬ್ರು. "ಮನಿಯ" ಅಂತ ಧಾರವಾಡದ ಕಡೆ ಥರ ಬರ್ದಿರ್ಬೋದು, "ಮನೆಯ" ಅಂತಾನೂ ಇರ್ಬೋದು. ಒಂದೇ ಹಾಡು, ನಾಕು ಸ್ಪೆಲಿಂಗಲ್ಲಿ ನಾಕು ಬೇರೆ ಬ್ಯಾಂಡಿನ ವರ್ಷನ್ನು ಸಿಗತ್ತೆ. ಹಾಗಾಗಿ ಮೂರು ನಾಕು ಥರ ಟೈಪ್ ಮಾಡಿ, ಒಂದ್ಸಲ ಕನ್ನಡ ಅಕ್ಷರದಲ್ಲೂ ಟೈಪ್ ಮಾಡಿ. ಊರಿನ ಹೆಸ್ರೂ ಅಷ್ಟೇ, ಬ್ಯಾಂಗಲೋರ್ ಅಂತ ಹಾಕಿದ್ರೆ ಬರೋದೇ ಬೇರೆ, ಬೆಂಗಳೂರು ಅಂತ ಹಾಕಿದ್ರೆ ಬರೋದೇ ಬೇರೆ, ಮೈಸೂರು ಮಂಗಳೂರಿಗೂ ಹಂಗೇ.

ಯೂಟ್ಯೂಬಲ್ಲಿ ಫಿಲ್ಟರ್ ಅಂತ ಇದೆಯಲ್ಲ, ಅದ್ರಲ್ಲಿ ಈ ತಿಂಗಳು ಇಲ್ಲ ಈ ವರ್ಷ ಅಂತ ಇಟ್ಟು "ಕನ್ನಡ ಲೈವ್ ಸೆಷನ್", "ಕನ್ನಡ ಒರಿಜಿನಲ್", "ಜನಪದ ರಾಕ್", "ಕನ್ನಡ ರ‍್ಯಾಪ್" ಥರ ಹುಡ್ಕಿ. ವ್ಯೂಸ್ ನೋಡ್ಬೇಡಿ. ಇನ್ನೂರು ಮುನ್ನೂರು ವ್ಯೂಸ್ ಇರೋ ವಿಡಿಯೋಗಳಲ್ಲೇ ನಂಗೆ ಇಷ್ಟದ ಎಷ್ಟೋ ಹಾಡು ಸಿಕ್ಕಿದೆ. ಹತ್ತು ಕೇಳಿದ್ರೆ ಎಂಟು ಸಾಧಾರಣ ಇರತ್ತೆ, ಅದಕ್ಕೆ ಬೇಜಾರಾಗ್ಬಾರ್ದು, ಇನ್ನೆರಡು ಬೇರೆ ಯಾರೂ ನಿಮ್ಗೆ ಹೇಳಿರ್ತಿರ್ಲಿಲ್ಲ.

ಹೆಜ್ಜೆ 3: ಬ್ಯಾಂಡ್‌ಕ್ಯಾಂಪಲ್ಲಿ ಬೇರೆಯೋರ ಬೀರು ತೆಗೆದು ನೋಡಿ

ಬ್ಯಾಂಡ್‌ಕ್ಯಾಂಪ್ 2008ರಿಂದ ಇರೋ ಸೈಟು. ಇಲ್ಲಿ ಬ್ಯಾಂಡಿನೋರೇ ನೇರ ಹಾಡು ಮಾರ್ತಾರೆ, ಡಿಜಿಟಲ್ ಮಾರಾಟದಲ್ಲಿ ಸೈಟ್ ತಗೊಳ್ಳೋದು ನೂರಕ್ಕೆ ಹದಿನೈದು ರೂಪಾಯಿ ಲೆಕ್ಕ, ಪೇಮೆಂಟ್ ಖರ್ಚು ಬೇರೆ. ದುಡ್ಡು ಕೊಡೋಕೆ ಮುಂಚೆ ಬಹುತೇಕ ಆಲ್ಬಮ್ ಪೂರ್ತಿ ಕೇಳಿಸ್ಕೊಬೋದು. ಊರಿನ ಹೆಸರಿನ ಟ್ಯಾಗ್ ಒತ್ತಿದ್ರೆ ಆ ಊರಿನ ಬ್ಯಾಂಡೆಲ್ಲ ಸಾಲಾಗಿ ಬರತ್ತೆ, ಅದು ಎಲ್ರಿಗೂ ಗೊತ್ತು. ಗೊತ್ತಿಲ್ಲದೇ ಇರೋದು ಏನಂದ್ರೆ, ಪ್ರತಿ ಆಲ್ಬಮ್ ಪೇಜಲ್ಲಿ ಅದನ್ನ ದುಡ್ಡು ಕೊಟ್ಟು ಕೊಂಡೋರ ಸಣ್ಣ ಸಣ್ಣ ಫೋಟೋ ಇರತ್ತೆ. ಅದ್ರಲ್ಲಿ ಒಂದನ್ನ ಒತ್ತಿ, ಆ ವ್ಯಕ್ತಿ ಇಲ್ಲಿವರೆಗೆ ಏನೇನು ಕೊಂಡಿದಾರೆ ಅಂತ ಪೂರ್ತಿ ಕಾಣತ್ತೆ. ನಿಮ್ಗೆ ಇಷ್ಟ ಆದ ಮೂರು ಆಲ್ಬಮ್ ಅವ್ರ ಹತ್ರಾನೂ ಇದ್ರೆ ನಾಕನೇದು ಏನು ಅಂತ ಕಣ್ಮುಚ್ಚಿ ಕೇಳ್ಬೋದು. ಯಾವ ಕಂಪ್ಯೂಟರ್ ಲೆಕ್ಕಕ್ಕಿಂತ ನಂಗೆ ಇದ್ರ ಮೇಲೆ ನಂಬಿಕೆ ಜಾಸ್ತಿ, ಯಾಕಂದ್ರೆ ಆ ಮನುಷ್ಯ ಜೇಬಿಂದ ದುಡ್ಡು ತೆಗ್ದಿದಾರೆ.

ಇಲ್ಲಿಂದ ಕೊಳ್ಳೋಕೆ ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡ್ಕೊಂಡಿರ್ಬೇಕು, ಬ್ಯಾಂಕ್ ಆ್ಯಪಲ್ಲೇ ಆಗತ್ತೆ, ಕೊಂಡ ಮೇಲೆ ಆಫ್ ಮಾಡ್ಕೊಳ್ಳಿ. 2020ರ ಮಾರ್ಚಲ್ಲಿ, ಕೋವಿಡ್ ಟೈಮಲ್ಲಿ ಗಿಗ್ಗುಗಳೆಲ್ಲ, ಅಂದ್ರೆ ಬ್ಯಾಂಡಿನ ಲೈವ್ ಕಾರ್ಯಕ್ರಮಗಳೆಲ್ಲ ನಿಂತೋದಾಗ, ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಶುರು ಮಾಡಿದ್ರು, ಆ ದಿನ ಸೈಟು ತನ್ನ ಪಾಲು ಬಿಟ್ಟುಕೊಡತ್ತೆ. ಅದು ಯಾವ್ಯಾವ ಶುಕ್ರವಾರ ಅಂತ ನೋಡ್ಕೊಂಡು ಕೊಂಡ್ರೆ ಬ್ಯಾಂಡಿಗೆ ಇನ್ನಷ್ಟು ಸೇರತ್ತೆ.

ಹೆಜ್ಜೆ 4: ಆ್ಯಪಿಗೆ ನಿಮ್ಮ ಕಿವಿ ಪರಿಚಯ ಮಾಡ್ಸಿ

ಆ್ಯಪನ್ನ ಬೈಯೋದು ಬೇಡ, ಸರಿಯಾಗಿ ಬಳಸಿದ್ರೆ ಅದೂ ಕೆಲ್ಸಕ್ಕೆ ಬರತ್ತೆ. ಸ್ಪಾಟಿಫೈ ನಮ್ಮ ದೇಶಕ್ಕೆ ಬಂದಿದ್ದು 2019ರ ಫೆಬ್ರವರಿಲಿ. ಅದ್ರಲ್ಲಿ ಡಿಸ್ಕವರ್ ವೀಕ್ಲಿ ಅನ್ನೋ ಲಿಸ್ಟು ಪ್ರತಿ ಸೋಮವಾರ ಬದಲಾಗತ್ತೆ, ರಿಲೀಸ್ ರೇಡಾರ್ ಅನ್ನೋದು ಶುಕ್ರವಾರ. ರಿಲೀಸ್ ರೇಡಾರಲ್ಲಿ ನೀವು ಫಾಲೋ ಮಾಡಿರೋರ ಹೊಸ ಹಾಡು ಬರತ್ತೆ, ಅದಕ್ಕೇ ಹಾಡು ಲೈಕ್ ಮಾಡೋದ್ರ ಜೊತೆ ಬ್ಯಾಂಡನ್ನ ಫಾಲೋ ಮಾಡೋದು ಮುಖ್ಯ.

ಇಲ್ಲಿ ತೊಂದ್ರೆ ಆಗೋದು ಮನೇಲಿ ಒಂದೇ ಫೋನು ಎಲ್ರೂ ಬಳಸ್ದಾಗ. ಮಗು ಊಟ ಮಾಡ್ಲಿ ಅಂತ ಚಿಣ್ಣರ ಹಾಡು ಹಾಕ್ತೀವಿ, ಬೆಳಿಗ್ಗೆ ಅಮ್ಮ ಸುಪ್ರಭಾತ ಹಾಕ್ತಾರೆ, ಆಮೇಲೆ ಸೋಮವಾರ ಬರೋ ಲಿಸ್ಟಲ್ಲಿ ಅದೇ ಬರತ್ತೆ. ಅಂಥ ಪ್ಲೇಲಿಸ್ಟನ್ನ ನಿಮ್ಮ ಟೇಸ್ಟ್ ಪ್ರೊಫೈಲಿಂದ (ನಿಮ್ಗೇನಿಷ್ಟ ಅಂತ ಆ್ಯಪ್ ಇಟ್ಕೊಂಡಿರೋ ಲೆಕ್ಕ) ತೆಗೆದುಹಾಕು ಅನ್ನೋ ಆಯ್ಕೆ ಇದೆ, ಇಲ್ಲಾ ಕೇಳಿದ್ದು ಆ ಲೆಕ್ಕಕ್ಕೆ ಸೇರದಂಗೆ ಪ್ರೈವೇಟ್ ಸೆಷನ್ ಆನ್ ಮಾಡಿ ಮಗೂಗೆ ಹಾಕಿ. ಇನ್ನೊಂದು, ಆ್ಯಪಲ್ಲಿ ಒಂದು ಹಾಡಿಂದ ಅದೇ ಥರದ ಹಾಡು ಸಾಲಾಗಿ ಓಡ್ಸೋ ರೇಡಿಯೋ ಇದೆಯಲ್ಲ, ಅದನ್ನ ಶುರು ಮಾಡ್ಬೇಕಾದ್ರೆ ಎಲ್ರಿಗೂ ಗೊತ್ತಿರೋ ಹಾಡಿಂದ ಮಾಡ್ಬೇಡಿ, ನಿಮ್ಗೆ ಇಷ್ಟವಾದ ಅತಿ ಸಣ್ಣ ಬ್ಯಾಂಡಿನ ಹಾಡಿಂದ ಮಾಡಿ. ದೊಡ್ಡ ಹಾಡಿಂದ ಹೊರಟ್ರೆ ದೊಡ್ಡ ಹಾಡಿಗೇ ಹೋಗಿ ಸೇರತ್ತೆ.

ಹೆಜ್ಜೆ 5: ಗಿಗ್ಗಿಗೆ ಹೋಗಿ, ಅದೂ ಬೇಗ ಹೋಗಿ

ಟಿಕೆಟ್ಟಲ್ಲಿ ಏಳು ಗಂಟೆ ಅಂತಿದ್ರೆ ಜನ ಎಂಟೂವರೆಗೆ ಬರ್ತಾರೆ, ಮೇನ್ ಬ್ಯಾಂಡ್ ಸ್ಟೇಜ್ ಹತ್ತೋ ಹೊತ್ತಿಗೆ. ಏಳಕ್ಕೇ ಹೋದ್ರೆ ಸಿಗೋದೇ ಬೇರೆ. ಓಪನಿಂಗ್ ಆಕ್ಟ್ ಅಂತ ಮೊದ್ಲು ನುಡಿಸೋ ಬ್ಯಾಂಡನ್ನ ಮೇನ್ ಬ್ಯಾಂಡಿನೋರೋ ಆಯೋಜಕರೋ ಕಿವಿ ಕೊಟ್ಟು ಆರಿಸಿರ್ತಾರೆ, ಅದೂ ಒಂದು ಶಿಫಾರಸೇ ತಾನೆ. ಮುಂದೆ ಇಪ್ಪತ್ತು ಜನ ಇರ್ತಾರೆ, ಎದುರು ನಿಂತ್ಕೊಂಡು ಗಿಟಾರಿನ ತಂತಿ ಮೇಲೆ ಬೆರಳು ಜಾರೋ ಸದ್ದೂ ಕೇಳ್ಬೋದು. ಮುಗಿದ್ಮೇಲೆ ಅವ್ರು ತಾವೇ ವೈರ್ ಸುತ್ತಿ, ತಾವೇ ಡ್ರಮ್ ಬಿಚ್ಚಿ ಹೊರಗೆ ತಗೊಂಡ್ ಬರ್ತಾರೆ, ಆಗ ಹೋಗಿ ಮಾತಾಡ್ಸಿ. ಕೇಳೋದು ಒಂದೇ ಪ್ರಶ್ನೆ, "ನೀವು ಈಗ ಯಾರ ಹಾಡು ಕೇಳ್ತಿದೀರಾ, ಈ ಊರಲ್ಲಿ?" ಈ ಪ್ರಶ್ನೆಗೆ ಯಾರೂ ಇಲ್ಲಿವರೆಗೆ ನಂಗೆ ಬೇಜಾರು ಮಾಡ್ಕೊಂಡು ಉತ್ರ ಕೊಟ್ಟಿಲ್ಲ, ಎಲ್ರೂ ಮುಖ ಅರಳಿಸ್ಕೊಂಡು ಎರಡು ಹೆಸ್ರು ಹೇಳಿದಾರೆ. ಅಲ್ಲೇ ಫೋನಲ್ಲಿ ಬರ್ಕೊಳ್ಳಿ.

ಬೆಂಗಳೂರಲ್ಲಿರೋರಿಗೆ ಜಾಗಕ್ಕೆ ಬರ ಇಲ್ಲ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಲ್ಲಿ ಬಹಳಷ್ಟು ಕಾರ್ಯಕ್ರಮಕ್ಕೆ ದುಡ್ಡೇ ಇಲ್ಲ, ಕುತ್ಕೊಂಡು ಗಲಾಟೆ ಇಲ್ದೆ ಕೇಳ್ಬೋದು, ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗ್ಬೋದು. ಜೆ.ಪಿ. ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂ ಇದೆ, ಅಲ್ಲೂ ಕಛೇರಿಗಳಾಗ್ತವೆ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಪಬ್ಬುಗಳಲ್ಲಿ ಶುಕ್ರವಾರ ಶನಿವಾರ ಬ್ಯಾಂಡ್ ಇದ್ದೇ ಇರತ್ತೆ, ಆದ್ರೆ ಪಬ್ಬಲ್ಲಿ ಆದಷ್ಟೂ ಬೇರೆಯೋರ ಹಾಡು ಹಾಡ್ತಾರೆ, ಒರಿಜಿನಲ್ ಇದ್ಯಾ ಅಂತ ಮೊದ್ಲೇ ಫೋನ್ ಮಾಡಿ ಕೇಳಿ. ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿದಾಗ ತುಂಬಾ ಜನ ಕಣ್ಣೀರು ಹಾಕಿದ್ರು, ಎಷ್ಟೋ ಬ್ಯಾಂಡಿನ ಒರಿಜಿನಲ್ ಹಾಡು ಜನ ಮೊದ್ಲು ಕೇಳಿದ್ದು ಅಲ್ಲೇ. ಜಾಗ ಉಳೀಬೇಕು ಅಂದ್ರೆ ಜನ ಹೋಗ್ಬೇಕು, ಬೇರೆ ದಾರಿ ಇಲ್ಲ.

ಬೇರೆ ಊರಲ್ಲಿರೋರು ಕಾಲೇಜು ಫೆಸ್ಟ್ ಬಿಡ್ಬೇಡಿ. ಬ್ಯಾಂಡ್ ಕಾಂಪಿಟೇಷನ್ ಅಂತ ಬೋರ್ಡ್ ಕಂಡ್ರೆ ಹೋಗಿ ಕುತ್ಕೊಳ್ಳಿ, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಕಡೆ ಒಳ್ಳೊಳ್ಳೆ ಹುಡುಗ ಹುಡುಗೀರು ಅಲ್ಲೇ ಮೊದಲ ಸಲ ಸ್ಟೇಜ್ ಹತ್ತೋದು. ಮ್ಯೂಸಿಕ್ ಸ್ಕೂಲ್‌ಗಳ ಸ್ಟೂಡೆಂಟ್ ಶೋ ಕೂಡ ಹಂಗೇ. 1996ರಿಂದ ನುಡಿಸ್ತಿರೋ ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನ ಬ್ರೂಸ್ ಲೀ ಮಣಿ ಮತ್ತೆ ಅವ್ರ ಜೊತೆಯೋರು ಟಾಕಾಡೆಮಿ ಅಂತ ಸ್ಕೂಲೇ ನಡೆಸ್ತಾರೆ. ಇಂಥ ಕಡೆ ಕಲಿತೋರು ನಾಳೆ ಬ್ಯಾಂಡ್ ಕಟ್ತಾರೆ, ಅವ್ರನ್ನ ಇವತ್ತೇ ಕೇಳ್ಕೊಬೋದು.

ಫೆಸ್ಟಿವಲ್ಲಿಗೆ ಹೋಗೋಕೆ ಆಗ್ದಿದ್ರೂ ಅದ್ರ ಪೋಸ್ಟರ್ ಓದೋಕೆ ದುಡ್ಡು ಕೊಡ್ಬೇಕಾಗಿಲ್ಲ. ಅರುಣಾಚಲದಲ್ಲಿ ಭತ್ತದ ಗದ್ದೆ ಮಧ್ಯೆ 2012ರಿಂದ ನಡೀತಿರೋ ಜೀರೋ ಫೆಸ್ಟಿವಲ್, ಪುಣೆಲಿ 2010ರಲ್ಲಿ ಶುರುವಾದ ಎನ್‌ಎಚ್‌7 ವೀಕೆಂಡರ್, ನಮ್ಮಲ್ಲೇ 2016ರಿಂದ ಎಕೋಸ್ ಆಫ್ ಅರ್ಥ್, ಮೆಟಲ್ ಅನ್ನೋ ಅಬ್ಬರದ ರಾಕ್ ಕೇಳೋರಿಗೆ 2012ರಿಂದ ಬೆಂಗಳೂರು ಓಪನ್ ಏರ್. ಇವುಗಳ ಪೋಸ್ಟರ್ ಇಳಿಸ್ಕೊಂಡು ಝೂಮ್ ಮಾಡಿ, ಕೆಳಗಿನ ಎರಡು ಸಾಲು ಓದಿ. ಮೇಲೆ ದಪ್ಪ ಅಕ್ಷರದಲ್ಲಿ ಇರೋರು ನಿಮ್ಗೆ ಗೊತ್ತೇ ಇರ್ತಾರೆ. ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿರೋ ಹೆಸರುಗಳನ್ನ ದಿನಕ್ಕೊಂದು ಕೇಳ್ತಾ ಬನ್ನಿ, ಒಂದು ಪೋಸ್ಟರ್ ಒಂದು ತಿಂಗಳಿಗೆ ಬರತ್ತೆ.

ಹೆಜ್ಜೆ 6: ಮೂರು ಸಲ ಕೇಳ್ದೆ ಯಾರಿಗೂ ಹೇಳ್ಬೇಡಿ

ಮೊದಲನೇ ಸಲ ಕೇಳಿದಾಗ ಆಗೋ ಖುಷಿ ಅರ್ಧ ಹಾಡಿಂದು, ಅರ್ಧ ಹುಡುಕಿದ್ನಲ್ಲ ಅನ್ನೋದ್ರದ್ದು. ಎರಡನೇ ಸಲ ಮಾರನೇ ದಿನ ಕೇಳಿ, ಬೇರೆ ಹೊತ್ತಲ್ಲಿ. ನಾನು ಒಂದ್ಸಲ ಬಸ್ಸಲ್ಲಿ ಇಯರ್‌ಫೋನಲ್ಲಿ, ಒಂದ್ಸಲ ಅಡುಗೆಮನೇಲಿ ಫೋನಿನ ಸ್ಪೀಕರಲ್ಲಿ, ಮೂರನೇ ಸಲ ರಾತ್ರಿ ಲೈಟ್ ಆಫ್ ಮಾಡಿ ಬೇರೇನೂ ಮಾಡ್ದೆ ಕೇಳ್ತೀನಿ. ಕುಕ್ಕರ್ ವಿಷಲ್ ಮಧ್ಯೆನೂ ಒಂದು ಸಾಲು ನನ್ನ ಹಿಡಿದು ನಿಲ್ಲಿಸ್ತು ಅಂದ್ರೆ ಆ ಹಾಡಲ್ಲಿ ಏನೋ ಇದೆ.

ಒಂದು ನೋಟ್‌ಬುಕ್ ಇಡಿ, ಫೋನಲ್ಲೇ ಆದ್ರೂ ಸರಿ. ಬ್ಯಾಂಡು, ಹಾಡು, ಯಾರಿಂದ ಸಿಕ್ತು, ಆಮೇಲೆ ಹಿಡಿಸಿದ ಜಾಗ ಎಷ್ಟನೇ ನಿಮಿಷ. ನನ್ನದ್ರಲ್ಲಿ "2:10, ಗಿಟಾರ್ ನಿಂತು ಬರೀ ತಮಟೆ", "3:40, ಅವಳು ಉಸಿರು ಎಳ್ಕೊಳ್ಳೋದು ಕೇಳತ್ತೆ, ಆಮೇಲೆ ಕೊನೇ ಸಾಲು" ಥರ ಇದೆ. ಚೆನ್ನಾಗಿದೆ, ಸೂಪರು, ಅಂತ ಬರ್ಕೊಂಡ್ರೆ ಆರು ತಿಂಗ್ಳು ಬಿಟ್ಟು ಓದಿದಾಗ ಏನೂ ನೆನಪಾಗಲ್ಲ, ಈ ನಿಮಿಷದ ಲೆಕ್ಕ ನೋಡಿದ್ರೆ ಹಾಡು ತಲೇಲಿ ಓಡೋಕೆ ಶುರುವಾಗತ್ತೆ. ಇದೇ ನೋಟು ಮುಂದಿನ ಹೆಜ್ಜೆಗೆ ಬಂಡವಾಳ.

ಹೆಜ್ಜೆ 7: ಒಬ್ರಿಗೆ, ಒಂದು ಹಾಡು, ಒಂದು ಕಾರಣ

ಈಗ ಅಸಲಿ ವಿಷಯಕ್ಕೆ ಬಂದ್ವಿ. ಹೊಸ ಹಾಡು ಕೇಳೋದು ಎಲ್ರಿಗೂ ಸ್ವಲ್ಪ ಕಷ್ಟವೇ, ಗೊತ್ತಿಲ್ಲದ ಮನೆಗೆ ಊಟಕ್ಕೆ ಹೋದಂಗೆ. ಜೊತೇಲಿ ಪರಿಚಯದೋರು ಒಬ್ರಿದ್ರೆ ಧೈರ್ಯ ಬರತ್ತೆ. ಆ ಪರಿಚಯದೋರು ಅಂದ್ರೆ ಅವ್ರಿಗೆ ಈಗಾಗ್ಲೇ ಇಷ್ಟ ಇರೋ ಯಾವುದೋ ಒಂದು, ಅದೇ ದನಿ, ಅದೇ ಕವಿ, ಅದೇ ವಾದ್ಯ, ಅದೇ ಊರು. ಮೊದ್ಲು ಅವ್ರೇನು ಕೇಳ್ತಾರೆ ಅಂತ ಕೇಳಿ ತಿಳ್ಕೊಳ್ಳಿ, ಆಮೇಲೆ ಅಲ್ಲಿಂದ ಒಂದೇ ಹೆಜ್ಜೆ ದೂರದಲ್ಲಿರೋದನ್ನ ಕೊಡಿ, ಹತ್ತು ಹೆಜ್ಜೆ ದೂರದ್ದಲ್ಲ.

ಅಶ್ವಥ್ ಅವ್ರ ಶರೀಫಜ್ಜನ ಪದ ಇಷ್ಟ ಇರೋರಿಗೆ ರಘು ದೀಕ್ಷಿತ್ ಹಾಡಿರೋ ಅದೇ ಶರೀಫಜ್ಜನ ಪದ. ಪದ ಬಾಯಿಪಾಠ ಇರತ್ತಲ್ಲ, ಹಾಗಾಗಿ ಗಿಟಾರು ಹೆದರಿಸಲ್ಲ. ಕರ್ನಾಟಕ ಸಂಗೀತ ಕಲಿತಿರೋ ಅತ್ತಿಗೆಗೆ ಅಗಮ್, ಬೆಂಗಳೂರಿಂದಾನೇ ಬಂದ ಬ್ಯಾಂಡು, ಕೃತಿಗಳನ್ನೇ ಇಟ್ಕೊಂಡು ರಾಕ್ ಮಾಡ್ತಾರೆ, ಅವ್ರಿಗೆ ರಾಗ ಗುರುತು ಹಿಡಿಯೋ ಖುಷಿನೂ ಸಿಗತ್ತೆ. ಕಬೀರ ಮೀರಾ ಥರ ಇಷ್ಟಪಡೋರಿಗೆ ಬಿಂದುಮಾಲಿನಿ ಮತ್ತೆ ವೇದಾಂತ್ ಭಾರದ್ವಾಜ್, ಬಿಂದುಮಾಲಿನಿ ಅಂದ್ರೆ ನಾತಿಚರಾಮಿ ಸಿನಿಮಾದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡ್ಕೊಂಡೋರು, ಆ ಒಂದು ಮಾತು ಹೇಳಿದ್ರೆ ಸಿನಿಮಾ ಕೇಳೋರೂ ಕಿವಿ ಕೊಡ್ತಾರೆ. ಗಜಲ್ ಕೇಳೋ ಸ್ನೇಹಿತರಿಗೆ ಪರ್ವಾಜ್, ಇದೂ ಬೆಂಗಳೂರಿನ ಬ್ಯಾಂಡು, ಹಾಡೋದು ಉರ್ದು ಕಾಶ್ಮೀರಿಲಿ, ಉದ್ದುದ್ದ ಹಾಡು, ರಾತ್ರಿ ಪ್ರಯಾಣಕ್ಕೆ ಹೇಳಿ ಮಾಡ್ಸಿದ್ದು. ಹಳೇ ಹೆವಿ ಮೆಟಲ್ ಕೇಳ್ಕೊಂಡು ಬೆಳೆದ ಅಣ್ಣಂದ್ರಿಗೆ ಕ್ರಿಪ್ಟೋಸ್, 1998ರಿಂದ ಇರೋರು, 2013ರಲ್ಲಿ ಜರ್ಮನಿಯ ವಾಕೆನ್ ಫೆಸ್ಟಿವಲಲ್ಲಿ ನುಡಿಸಿ ಬಂದಿದಾರೆ. ಕಾಲೇಜು ಹುಡುಗರಿಗೆ ಕನ್ನಡ ರ‍್ಯಾಪಲ್ಲಿ ರಾಹುಲ್ ಡಿಟ್-ಓ, ಎಂಸಿ ಬಿಜ್ಜು, ಸಿರಿ. ಇವ್ರೆಲ್ಲ ಈಗ ಅಷ್ಟು ಸಣ್ಣೋರೇನಲ್ಲ, ಇವ್ರು ಸೇತುವೆ. ಇವ್ರನ್ನ ದಾಟಿಸಿದ ಮೇಲೆ ನಿಮ್ಮ ನೋಟ್‌ಬುಕ್ಕಿನ ಇನ್ನೂರು ವ್ಯೂಸಿನ ಬ್ಯಾಂಡ್ ಕೊಡಿ.

ಮೆಸೇಜ್ ಬರೆಯೋದು ಹೆಂಗೆ ಅಂದ್ರೆ, ನಾನು ಚಿಕ್ಕಪ್ಪಂಗೆ ಎರಡನೇ ಸಲ ಕಳ್ಸಿದ್ದನ್ನೇ ಹಾಕ್ತೀನಿ:

"ಚಿಕ್ಕಪ್ಪ, ಅವತ್ತು ಕಾರಲ್ಲಿ ಕೇಳ್ತಿದ್ರಲ್ಲ ಶರೀಫಜ್ಜನ ಪದ, ಇದೂ ಅವ್ರದ್ದೇ, ಗುಡುಗುಡಿಯಾ ಸೇದಿ ನೋಡೋ. ಮೈಸೂರಲ್ಲಿ ಬೆಳೆದ ಹುಡುಗ ಬ್ಯಾಂಡ್ ಕಟ್ಕೊಂಡು ಹಾಡಿರೋದು. ಪದ ಅದೇ, ತಾಳ ಮಾತ್ರ ಬೇರೆ. ನೀವು ಬೆರಳಲ್ಲಿ ತಾಳ ಹಾಕ್ತೀರಲ್ಲ, ಇದಕ್ಕೆ ಹಾಕಿ ನೋಡಿ. ಇದೊಂದೇ ಹಾಡು, ಬಿಡುವಾದಾಗ ಕೇಳಿ."

ಅಷ್ಟೇ. ಯಾಕೆ ನಿಮ್ಗೇ ಕಳಿಸ್ತಿದೀನಿ ಅನ್ನೋದು ಇರ್ಬೇಕು, ಕೇಳುವಾಗ ಏನು ಗಮನಿಸ್ಬೇಕು ಅನ್ನೋದು ಒಂದು ಇರ್ಬೇಕು, ಲಿಂಕು ಒಂದೇ ಇರ್ಬೇಕು. ಲಿಂಕು ಅವ್ರು ಬಳಸೋ ಆ್ಯಪಿಂದೇ ಆಗಿರ್ಲಿ, ಯೂಟ್ಯೂಬ್ ಮಾತ್ರ ಗೊತ್ತಿರೋರಿಗೆ ಬೇರೆ ಆ್ಯಪಿನ ಲಿಂಕ್ ಕಳ್ಸಿದ್ರೆ ಲಾಗಿನ್ ಕೇಳತ್ತೆ, ಅಲ್ಲಿಗೆ ಮುಗೀತು. ಎಂಪಿ3 ಫೈಲ್ ಮಾತ್ರ ಕಳಿಸ್ಬೇಡಿ, ಬ್ಯಾಂಡಿಗೆ ಅದ್ರಿಂದ ಒಂದು ಪೈಸೆನೂ ಇಲ್ಲ, ಯಾರು ಕೇಳಿದ್ರು ಅನ್ನೋ ಲೆಕ್ಕನೂ ಸಿಗಲ್ಲ. ಮತ್ತೆ, "ಇದು ಲೈಫ್ ಚೇಂಜ್ ಮಾಡತ್ತೆ" ಥರ ಹೊಗಳ್ಬೇಡಿ, ಅಷ್ಟು ಹೊಗಳಿದ್ರೆ ಎಂಥ ಹಾಡೂ ಸಪ್ಪೆ ಅನ್ಸತ್ತೆ. ಸಂಜೆನೇ ಫೋನ್ ಮಾಡಿ ಕೇಳಿದ್ರಾ ಕೇಳಿದ್ರಾ ಅಂತ ಪೀಡಿಸೋದೂ ಬೇಡ, ಎರಡು ವಾರ ಸುಮ್ನಿರಿ. ಇಷ್ಟ ಆಗ್ಲಿಲ್ಲ ಅಂದ್ರೆ ವಾದ ಮಾಡ್ದೆ, ಏನು ಹಿಡಿಸ್ಲಿಲ್ಲ ಅಂತ ಕೇಳಿ. ಡ್ರಮ್ಸ್ ಜಾಸ್ತಿ ಆಯ್ತು ಅಂತಾರೆ, ಅದೇ ನಿಮ್ಗೆ ಮುಂದಿನ ಹಾಡಿನ ಸುಳಿವು.

ಬಿಬಿಸಿ ರೇಡಿಯೋ 1ರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳೋವರೆಗೂ ಜಾನ್ ಪೀಲ್ ಅಂತ ಒಬ್ರು ಹೊಸ ಬ್ಯಾಂಡುಗಳನ್ನ ಹಾಕ್ತಿದ್ರು. 1978ರಲ್ಲಿ ಉತ್ತರ ಐರ್ಲೆಂಡಿನ ಒಂದು ಹುಡುಗರ ಬ್ಯಾಂಡಿನ ಹಾಡು ಎಷ್ಟು ಹಿಡಿಸ್ತು ಅಂದ್ರೆ, ಒಂದ್ಸಲ ಹಾಕಿ ಮುಗಿದ ತಕ್ಷಣ ಅದನ್ನೇ ಇನ್ನೊಂದ್ಸಲ ಹಾಕಿದ್ರು. ಇನ್ನೊಂದು ಹಾಡು ಸೇರಿಸ್ಲಿಲ್ಲ, ಅದೇ ಹಾಡು. ನಾನು ಈಗ ಮನೆಗೆ ಯಾರಾದ್ರೂ ಬಂದ್ರೆ ಇದನ್ನೇ ಮಾಡ್ತೀನಿ, ಒಂದೇ ಹಾಡು, ಬೇಕು ಅಂದ್ರೆ ಅದೇ ಇನ್ನೊಂದ್ಸಲ.

ಪ್ಲೇಲಿಸ್ಟ್ ಮಾಡ್ಲೇಬೇಕು ಅಂದ್ರೆ ಎಂಟು ಹಾಡು ಸಾಕು. ಮೊದಲ ಎರಡು ಅವ್ರಿಗೆ ಗೊತ್ತಿರೋ ಥರದ್ದು, ಮಧ್ಯೆ ಅತಿ ಹೊಸದು, ಕೊನೇಲಿ ಮತ್ತೆ ಹಿತವಾದದ್ದು.

ಹೆಜ್ಜೆ 8: ಕೇಳಿದ್ದಕ್ಕೆ ಬ್ಯಾಂಡಿಗೆ ಏನಾದ್ರೂ ಸೇರ್ಲಿ

ಸ್ಪಾಟಿಫೈನಲ್ಲಿ ಒಂದು ಹಾಡು ಮೂವತ್ತು ಸೆಕೆಂಡ್ ಓಡಿದ್ರೆ ಮಾತ್ರ ಅದು ಒಂದು ಸ್ಟ್ರೀಮ್ ಅಂತ ಲೆಕ್ಕಕ್ಕೆ ಬರತ್ತೆ. 2024ರಿಂದ ಇನ್ನೊಂದು ನಿಯಮ ಬಂದಿದೆ, ಹನ್ನೆರಡು ತಿಂಗಳಲ್ಲಿ 1000 ಸ್ಟ್ರೀಮ್ ಆಗದ ಹಾಡಿಗೆ ದುಡ್ಡೇ ಇಲ್ಲ. ದೊಡ್ಡೋರಿಗೆ ಇದು ಲೆಕ್ಕಕ್ಕೇ ಇಲ್ಲ, ನಮ್ ಊರಿನ ಬ್ಯಾಂಡಿಗೆ ಬಾಗಿಲೇ ಅದು. ಹಂಗಂತ ಪ್ರೀತಿ ಹೆಚ್ಚಾಗಿ ಸೌಂಡ್ ಆಫ್ ಮಾಡಿ ರಾತ್ರಿಯೆಲ್ಲ ಒಂದೇ ಹಾಡು ಓಡಿಸ್ಬೇಡಿ. ಅದನ್ನ ನಕಲಿ ಸ್ಟ್ರೀಮ್ ಅಂತ ಹಿಡೀತಾರೆ, ಲೆಕ್ಕದಿಂದ ತೆಗೀತಾರೆ, ಜಾಸ್ತಿ ಆದ್ರೆ ಹಾಡು ಹಾಕಿದೋರಿಗೆ ದಂಡಾನೂ ಬೀಳ್ಬೋದು. ಒಬ್ರು ಸಾವಿರ ಸಲ ಕೇಳೋದಲ್ಲ, ನೂರು ಜನ ಹತ್ತತ್ತು ಸಲ ಕೇಳೋದು ಬೇಕು, ಅದಕ್ಕೇ ಹೆಜ್ಜೆ 7.

ಸ್ಟ್ರೀಮಿಂಗಿಗಿಂತ ನೇರವಾಗಿ ಸೇರೋದು ಟಿಕೆಟ್ಟು, ಟೀ ಶರ್ಟು, ಬ್ಯಾಂಡ್‌ಕ್ಯಾಂಪಲ್ಲಿ ಕೊಂಡ ಆಲ್ಬಮ್ಮು. ಇದ್ಯಾವುದೂ ಆಗ್ದಿದ್ರೆ ಬ್ಯಾಂಡಿಗೆ ಒಂದು ಮೆಸೇಜ್ ಹಾಕಿ, ಯಾವ ಊರಿಂದ ಕೇಳ್ತಿದೀನಿ ಅಂತ ಊರಿನ ಹೆಸ್ರು ಬರೀರಿ. ಯಾವ ಊರಲ್ಲಿ ಕೇಳೋರಿದಾರೆ ಅಂತ ನೋಡ್ಕೊಂಡೇ ಅವ್ರು ಮುಂದಿನ ಗಿಗ್ಗು ಎಲ್ಲಿ ಅಂತ ಯೋಚ್ನೆ ಮಾಡೋದು. ದಾವಣಗೆರೆಯಿಂದ ಹದಿನೈದು ಜನ ಬರೆದ್ರೆ ದಾವಣಗೆರೆ ಅವ್ರ ತಲೇಲಿ ಉಳಿಯತ್ತೆ. ಅಮೆರಿಕ, ದುಬೈ, ಲಂಡನಲ್ಲಿರೋ ಕನ್ನಡದೋರು ತಮ್ಮ ಕನ್ನಡ ಸಂಘದ ಕಮಿಟಿಗೆ ಇಂಥ ಒಂದು ಹೆಸ್ರು ಕೊಡ್ಬೋದು, ರಾಜ್ಯೋತ್ಸವಕ್ಕೆ ಯಾರನ್ನ ಕರೆಸೋದು ಅಂತ ಅವ್ರೂ ಪ್ರತಿ ವರ್ಷ ತಲೆ ಕೆಡಿಸ್ಕೊಳ್ತಿರ್ತಾರೆ.

ಚಿಕ್ಕಪ್ಪ ಆ ಮೆಸೇಜಿಗೆ ಹತ್ತು ದಿನ ಉತ್ರ ಕೊಡ್ಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ವಾಯ್ಸ್ ನೋಟ್ ಬಂತು, ಹಿಂದೆ ಹಾಡು ಓಡ್ತಿದೆ, ಸ್ಟೇರಿಂಗ್ ಮೇಲೆ ಬೆರಳು ಬಡಿಯೋ ಸದ್ದು ಕೇಳತ್ತೆ, "ಈ ಹುಡುಗನ ತಮ್ಮಾನೂ ಹಾಡ್ತಾನಂತಲ್ಲೋ, ಅವಂದು ಯಾವುದಾದ್ರೂ ಒಂದು ಕಳ್ಸು, ಒಂದೇ."